460 ರೂಪಾಯಿಯ ಪನೀರ್, ಒಂದು ಕಟ್ಟು ದಂಟಿನ ಸೊಪ್ಪು

ಕಳೆದ ವರ್ಷ ಜೂನ್‌ನಲ್ಲಿ ಪಿಜಿ ಊಟಕ್ಕೆ ದೊಡ್ಡ ನಮಸ್ಕಾರ ಹಾಕಿ ಬೆಂಗಳೂರಲ್ಲೇ ಒಂದು ರೂಮಿನ ಮನೆ ಹಿಡಿದೆ. ಸಾಮಾನು ಅಂತ ಇದ್ದದ್ದು 3 ಲೀಟರ್‌ನ ಒಂದು ಕುಕ್ಕರ್, ಒಂದು ಬಾಣಲೆ, ಎರಡು ತಟ್ಟೆ, ಒಂದು ಚಿಕ್ಕ ಮಿಕ್ಸಿ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಡಬ್ಬ. ಬರುತ್ತಿದ್ದ ಅಡುಗೆ ಮ್ಯಾಗಿ ಮತ್ತು ಕಾಫಿ. ಅದರಲ್ಲೂ ಕಾಫಿ ಒಂದೊಂದು ದಿನ ಕೈಕೊಡುತ್ತಿತ್ತು.

ಮೊದಲ ಭಾನುವಾರ ಭಾರೀ ಹುಮ್ಮಸ್ಸು. ಫೋನಲ್ಲಿ 'ಬ್ಯಾಚುಲರ್‌ಗಳಿಗೆ ಬಜೆಟ್ ಅಡುಗೆ' ಅಂತ ಹುಡುಕಿದೆ, ಪನೀರ್ ಬಟರ್ ಮಸಾಲ ಬಂತು, ಒಂದು ಪ್ಲೇಟಿಗೆ ಬರೀ 60 ರೂಪಾಯಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಪಟ್ಟಿ ಹಿಡಿದು ಅಂಗಡಿಗೆ ಹೋದೆ. ಪನೀರು, ಬೆಣ್ಣೆ, ಫ್ರೆಶ್ ಕ್ರೀಮು, ಗೋಡಂಬಿ, ಕಸೂರಿ ಮೇಥಿ, ಗರಂ ಮಸಾಲ, ಟೊಮೆಟೊ. ಬಿಲ್ಲು 460 ರೂಪಾಯಿ! ಅವರು ಸುಳ್ಳು ಹೇಳಿರಲಿಲ್ಲ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೆ. ಅವರು ಒಂದು ಚಮಚ ಕ್ರೀಮಿನ ಬೆಲೆ ಹಿಡಿಯುತ್ತಾರೆ, ಅಂಗಡಿಯವನು ಚಮಚದಲ್ಲಿ ಮಾರುವುದಿಲ್ಲ, ಪ್ಯಾಕೆಟ್ಟೇ ಕೊಡುತ್ತಾನೆ. ಉಳಿದ ಕ್ರೀಮು ನಾಲ್ಕನೇ ದಿನಕ್ಕೆ ಹುಳಿ ವಾಸನೆ ಹೊಡೆದು ಸಿಂಕಿಗೆ ಹೋಯಿತು. ಪಲ್ಯ ಚೆನ್ನಾಗೇ ಆಗಿತ್ತು, ಸುಳ್ಳು ಯಾಕೆ ಹೇಳಲಿ, ಆದರೆ ಒಂದು ಹೊತ್ತಿನ ಊಟಕ್ಕೆ ನನ್ನ ಒಂದು ವಾರದ ತರಕಾರಿ ದುಡ್ಡು ಮುಗಿದಿತ್ತು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಅಡುಗೆ ಕಣ್ಣಿಗೆ ಬಿದ್ದರೂ, ಮನೆಯಲ್ಲಿ ಇಲ್ಲದ ಸಾಮಾನು ಎಷ್ಟಿದೆ ಅಂತ ಮೊದಲು ಎಣಿಸುತ್ತೇನೆ. ಎರಡಕ್ಕಿಂತ ಜಾಸ್ತಿ ಇದ್ದರೆ ಅದು ನನಗಲ್ಲ. ಎರಡರೊಳಗೆ ಇದ್ದರೆ, ಈ ಹೊಸ ಸಾಮಾನು ಬೇರೆ ಯಾವುದಕ್ಕೆ ಬರುತ್ತೆ ಅಂತ ಯೋಚಿಸುತ್ತೇನೆ. ಹುಣಸೆಹಣ್ಣು ತಂದರೆ ಸಾರಿಗೆ, ಗೊಜ್ಜಿಗೆ, ಚಟ್ನಿಗೆ, ಪುಳಿಯೋಗರೆಗೆ, ಎಲ್ಲದಕ್ಕೂ ಆಯಿತು. ಕಸೂರಿ ಮೇಥಿ? ಆ ಡಬ್ಬ ಇವತ್ತಿಗೂ ಹಾಗೇ ಕೂತಿದೆ.

ಹುಡುಕುವ ಮಾತೂ ಬದಲಾಯಿತು. 'ಬಜೆಟ್', 'ಈಸಿ', 'ಹೆಲ್ದಿ' ಅಂತ ಇಂಗ್ಲಿಷ್‌ನಲ್ಲಿ ಹುಡುಕಿದರೆ ಓಟ್ಸು, ಅವಕಾಡೊ, ಓವನ್ನು ಬರುತ್ತವೆ. ಕನ್ನಡದಲ್ಲಿ 'ಹುರುಳಿಕಾಳು ಸಾರು' ಅಂತ ಹೊಡೆದರೆ ನಮ್ಮ ಬೀದಿ ಅಂಗಡಿಯಲ್ಲಿ ಸಿಗುವ ಸಾಮಾನಿನ ಅಡುಗೆಯೇ ಬರುತ್ತದೆ. ಇನ್ನೊಂದು ಮಾತು, ವಿಡಿಯೊದಲ್ಲಿ ಹಿಂದೆ ಪಕ್ಕದ ಮನೆಯ ಕುಕ್ಕರ್ ಕೂಗು, ಮಗುವಿನ ಅಳು ಕೇಳಿಸುತ್ತಿದ್ದರೆ ನಂಬಬಹುದು ಅಂತ ನನ್ನ ಲೆಕ್ಕ. ಬಿಳಿ ಕಲ್ಲಿನ ಕಟ್ಟೆಯ ಮೇಲೆ ಗಾಜಿನ ಬಟ್ಟಲಲ್ಲಿ ಸಾಸಿವೆ ಇಟ್ಟಿದ್ದರೆ ಮುಂದಕ್ಕೆ ಹೋಗುತ್ತೇನೆ.

ಆದರೆ ಎಲ್ಲಕ್ಕಿಂತ ಅಗ್ಗದ ದಾರಿ ಅಮ್ಮನಿಗೆ ಫೋನ್ ಮಾಡುವುದು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

'ಅಮ್ಮ, ಸಾರಿಗೆ ಎಷ್ಟು ಹುಣಸೆಹಣ್ಣು?'
'ನಿಂಬೆಹಣ್ಣಿನ ಗಾತ್ರ.'
'ಯಾವ ಗಾತ್ರದ ನಿಂಬೆಹಣ್ಣು?'
'ಒಂದ್ ಸಾರು ಮಾಡಕ್ಕೆ ಎಷ್ಟ್ ತಲೆ ತಿಂತೀಯಪ್ಪ, ನೋಡಿದ್ರೆ ಗೊತ್ತಾಗುತ್ತೆ.'

ನೋಡಿದರೆ ಗೊತ್ತಾಗುವುದಿದ್ದರೆ ಫೋನ್ ಯಾಕೆ ಮಾಡುತ್ತಿದ್ದೆ! ಹಿಡಿ, ಚಿಟಿಕೆ, ಸ್ವಲ್ಪ, ಕೈಯಳತೆ, ಕಣ್ಣಂದಾಜು. ಅಕ್ಕಿ ಬೇಳೆಗೆ ಮಾತ್ರ ಪಾವು. ನಾಲ್ಕು ಪಾವು ಸೇರಿದರೆ ಒಂದು ಸೇರು ಅನ್ನುವುದು ಶಾಲೆಯಲ್ಲಿ ಹೇಳಿಕೊಟ್ಟದ್ದಲ್ಲ, ಅಜ್ಜಿ ಹೇಳಿದ್ದು. ದಸರಾ ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿದೆ. ಅಟ್ಟದ ಮೇಲಿದ್ದ ಹಳೇ ಪಾವೊಂದನ್ನು ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ಅಮ್ಮ ಒಲೆ ಮುಂದೆ ನಿಂತಾಗ ಪಕ್ಕದಲ್ಲೇ ಒಂದು ಚಮಚ, ಒಂದು ನೋಟ್‌ಬುಕ್ ಹಿಡಿದು ನಿಂತೆ. ಅಮ್ಮ ಏನೇ ಹಾಕಲು ಹೋದರೂ ಕೈ ಅಡ್ಡ ಹಿಡಿದು, ಮೊದಲು ಚಮಚಕ್ಕೆ, ಆಮೇಲೆ ಪಾತ್ರೆಗೆ. ಎರಡು ದಿನ ಸಹಿಸಿಕೊಂಡಳು, ಮೂರನೇ ದಿನ ಆಚೆ ಅಟ್ಟಿದಳು. ಅಷ್ಟರಲ್ಲಿ ಒಂದು ಸತ್ಯ ಗೊತ್ತಾಗಿತ್ತು. ಅಮ್ಮನ 'ಒಂದು ಹಿಡಿ' ಕಾಯಿತುರಿ ಅಂದರೆ 3 ಚಮಚ, ನನ್ನ ಹಿಡಿ 5 ಚಮಚ. ಮೂರು ತಿಂಗಳು ನನ್ನ ಸಾರು ಗಂಜಿಯ ಹಾಗೆ ಆಗುತ್ತಿದ್ದದ್ದಕ್ಕೆ ಅದೇ ಕಾರಣ.

ಪಾವು ತಂದಮೇಲೆ ಅನ್ನ ಸರಿಹೋಯಿತು. ಒಂದಕ್ಕೆ ಎರಡು ನೀರು, ಎರಡನ್ನೂ ಅದೇ ಪಾವಿನಲ್ಲಿ ಅಳೆಯುವುದು. ಲೋಟ ಆದರೂ ಆಗುತ್ತೆ, ಅಕ್ಕಿಗೊಂದು ಲೋಟ ನೀರಿಗೊಂದು ಲೋಟ ಮಾಡದಿದ್ದರೆ ಸಾಕು.

ಉಪ್ಪಿಟ್ಟಿನ ಕತೆಯೇ ಬೇರೆ. ನೋಡಿದ ರೆಸಿಪಿಯಲ್ಲಿ '5 ನಿಮಿಷ ರವೆ ಹುರಿಯಿರಿ' ಅಂತಿತ್ತು. ನನ್ನ ಒಲೆಯ ಉರಿ ಜೋರು, ಬಾಣಲೆ ತೆಳು, ನಾಲ್ಕನೇ ನಿಮಿಷಕ್ಕೆ ತಳದಲ್ಲಿ ಕಂದು ಬಣ್ಣ, ಐದಕ್ಕೆ ಸೀದ ವಾಸನೆ. ಮಾರನೇ ಸಲ ಹೆದರಿ ಹುರಿಯಲೇ ಇಲ್ಲ. ಕುದಿಯುವ ನೀರಿಗೆ ಒಮ್ಮೆಲೇ ಸುರಿದೆ, ಗೋಲಿ ಗಾತ್ರದ ಗಂಟು, ಒಡೆದರೆ ಒಳಗೆ ಒಣ ರವೆ. ಅಮ್ಮನಿಗೆ ಹೇಳಿದರೆ, 'ಗಮ್ ಅನ್ನೋವರೆಗೂ ಹುರಿ, ಸೌಟಿಂದ ಎತ್ತಿದ್ರೆ ಹಗುರಾಗಿ ಉದುರಬೇಕು' ಅಂದಳು. ಇಷ್ಟು ದಿನ ಗೊಣಗಿಕೊಂಡಿದ್ದ ಅಮ್ಮನ ಭಾಷೆ ಇಲ್ಲಿ ಮಾತ್ರ ಗಡಿಯಾರಕ್ಕಿಂತ ಸರಿ. ನಿಮಿಷ ಹೇಳುವವರು ಅವರ ಒಲೆಯ ಲೆಕ್ಕ ಹೇಳುತ್ತಾರೆ. ಈರುಳ್ಳಿ ಬಾಡಬೇಕು, ಸಾಸಿವೆ ಚಟಪಟ ಅನ್ನಬೇಕು, ಎಣ್ಣೆ ಬಿಡಬೇಕು, ಹಸಿ ವಾಸನೆ ಹೋಗಬೇಕು, ಹೀಗೆ ಹದ ಹೇಳಿದ್ದರೆ ಯಾವ ಒಲೆಯಲ್ಲಾದರೂ ಆಗುತ್ತೆ. ಈಗ ಬರೆದ ರೆಸಿಪಿ ಸಿಕ್ಕಿದರೆ ಆ 'ಹಸಿ ವಾಸನೆ ಹೋಗುವವರೆಗೆ' ಅನ್ನುವ ಮಾತು ಎಲ್ಲಾದರೂ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಬರೆದವರು ನಿಜಕ್ಕೂ ಮಾಡಿದ್ದಾರೆ ಅಂತ ಅರ್ಥ. (ರವೆಗೆ ಎರಡೂವರೆ ಪಟ್ಟು ನೀರು, ಉರಿ ಸಣ್ಣ ಮಾಡಿ ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಬೇಕು. ಈಗ ಗಂಟಾಗುವುದಿಲ್ಲ.)

ಕುಕ್ಕರ್ ಕೂಗಿನದ್ದೂ ಇದೇ ಹಾಡು. ಊರಲ್ಲಿ ಮೂರು ಕೂಗಿಗೆ ಬೆಣ್ಣೆಯ ಹಾಗೆ ಬೇಯುವ ತೊಗರಿಬೇಳೆ ಇಲ್ಲಿ ಐದು ಕೂಗಿದರೂ ಕಾಳು ಕಾಳು. ನಮ್ಮ ಬಿಲ್ಡಿಂಗಿನದ್ದು ಬೋರ್‌ವೆಲ್ ನೀರು, ಗಡಸು, ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಹಳೇ ಬೇಳೆಯಾದರೆ ಇನ್ನೂ ಕಷ್ಟ. ಸಾಲದ್ದಕ್ಕೆ ನಾನು ಹುಣಸೆ ರಸವನ್ನೂ ಜೊತೆಗೇ ಹಾಕಿ ಕೂಗಿಸುತ್ತಿದ್ದೆ, ಹುಳಿ ಬಿದ್ದರೆ ಬೇಳೆ ಬಿರುಸಾಗೇ ಉಳಿಯುತ್ತೆ ಅಂತ ಗೊತ್ತಿರಲಿಲ್ಲ. ಈಗ ಅರ್ಧ ಗಂಟೆ ಕುಡಿಯುವ ನೀರಲ್ಲಿ ನೆನೆಸುತ್ತೇನೆ, ಹುಳಿ ಹಾಕುವುದು ಬೇಳೆ ಬೆಂದಮೇಲೆ. ಗ್ಯಾಸೂ ಉಳಿಯುತ್ತೆ.

ಈಗ ಬಸ್ಸಾರಿಗೆ ಬರೋಣ, ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತದ್ದು. ನಮ್ಮ ಬೀದಿಯ ತಿರುವಿನಲ್ಲಿ ಬೆಳಿಗ್ಗೆ ಒಬ್ಬರು ಅಜ್ಜಿ ಸೊಪ್ಪು ಮಾರುತ್ತಾರೆ. ದಂಟಿನ ಸೊಪ್ಪು 20 ರೂಪಾಯಿಗೆ ಒಂದು ದೊಡ್ಡ ಕಟ್ಟು. ಇಷ್ಟೊಂದು ಸೊಪ್ಪು ಒಬ್ಬನೇ ಏನು ಮಾಡಲಿ ಅಂದೆ. 'ಮಂಡ್ಯದೋನು ಅಂತೀಯ, ಬಸ್ಸಾರು ಮಾಡಕ್ ಬರಾಕಿಲ್ವಾ?' ಅಂತ ಸುತ್ತ ನಿಂತವರ ಮುಂದೆ ಮಾನ ಕಳೆದರು. ಕಳೆದಮೇಲೆ ಹೇಳಿಯೂ ಕೊಟ್ಟರು.

ಅರ್ಧ ಪಾವು ಬೇಳೆ ಮುಕ್ಕಾಲು ಭಾಗ ಬೆಂದಮೇಲೆ ಹೆಚ್ಚಿದ ಸೊಪ್ಪು, ಎಳೇ ದಂಟು, ಉಪ್ಪು ಹಾಕಿ ಬೇಯಿಸಬೇಕು. ಬೇಳೆ ಕರಗಬಾರದು, ಬೆರಳಲ್ಲಿ ಒತ್ತಿದರೆ ಮುರಿಯಬೇಕು ಅಷ್ಟೆ. ಆಮೇಲೆ ನೀರು ಬಸಿಯುವುದು, ಆ ನೀರಿಗೆ ಕಟ್ಟು ಅಂತಾರೆ, ಬಸಿದ ಸಾರೇ ಬಸ್ಸಾರು. ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಜೀರಿಗೆ, ಎಂಟು ಕಾಳುಮೆಣಸು, ಒಣಮೆಣಸಿನಕಾಯಿ ಸ್ವಲ್ಪ ಎಣ್ಣೆಯಲ್ಲಿ ಹುರಿದು, ಧನಿಯ, ಹುಣಸೆ, ಎರಡು ಚಮಚ ಕಾಯಿ ಜೊತೆ ರುಬ್ಬಬೇಕು. ಇಲ್ಲಿ ಅಜ್ಜಿಯ ಜಾಣತನ ನೋಡಿ. ಬೆಂದ ಸೊಪ್ಪು ಬೇಳೆಯನ್ನೇ ಒಂದು ಸೌಟು ಎತ್ತಿ ಅದರ ಜೊತೆ ರುಬ್ಬಲು ಹೇಳಿದರು. ಸಾರಿಗೆ ಗಟ್ಟಿ ಅದರಿಂದಲೇ ಬರುತ್ತೆ, ಕಾಯಿ ಕಡಿಮೆ ಸಾಕು. ತೆಂಗಿನಕಾಯಿ ಬೆಲೆ ಈಗ ಕೇಳಿದ್ದೀರಲ್ಲ? ರುಬ್ಬಿದ್ದನ್ನು ಬಸಿದ ಕಟ್ಟಿಗೆ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ ಒಗ್ಗರಣೆ. ಉಳಿದ ಸೊಪ್ಪು ಬೇಳೆಗೆ ಇನ್ನೊಂದು ಒಗ್ಗರಣೆ ಕೊಟ್ಟರೆ ಪಲ್ಯ.

ಒಂದೇ ಬೇಯಿಸುವುದರಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಎಲ್ಲ ಸೇರಿ 50 ರೂಪಾಯಿ ದಾಟಿರಲಿಲ್ಲ, ರಾತ್ರಿ ಮುದ್ದೆಗೆ ಆಗಿ ಮಾರನೇ ದಿನದ ಡಬ್ಬಿಗೂ ಉಳಿಯಿತು. ಬಸ್ಸಾರು ಮಾರನೇ ದಿನವೇ ರುಚಿ ಜಾಸ್ತಿ, ಇದರಲ್ಲಿ ವಾದಕ್ಕೆ ಬರಬೇಡಿ. ರುಬ್ಬುವಷ್ಟು ತಾಳ್ಮೆ ಇಲ್ಲದ ದಿನ ಉಪ್ಸಾರು. ಬಸಿದ ಕಟ್ಟು ಹಾಗೇ, ಪಕ್ಕದಲ್ಲಿ ಮೆಣಸಿನಕಾಯಿ ಬೆಳ್ಳುಳ್ಳಿ ಜೀರಿಗೆ ಹುಣಸೆ ಉಪ್ಪಿನ ಖಾರ. ಖಾರ ಒಮ್ಮೆ ಮಾಡಿಟ್ಟರೆ ಫ್ರಿಜ್ಜಲ್ಲಿ ನಾಲ್ಕು ದಿನ ಇರುತ್ತೆ.

ಇದಾದಮೇಲೆ ನನಗೆ ಹೊಳೆದದ್ದು ಏನೆಂದರೆ, ಅಗ್ಗದ ಅಡುಗೆ ಬೇಕಾದರೆ ಕಡಿಮೆಯಲ್ಲೇ ಮನೆ ನಡೆಸಿಕೊಂಡು ಬಂದವರನ್ನು ಕೇಳಬೇಕು. ಪಕ್ಕದ ಮನೆಯ ಹುಡುಗ ಧಾರವಾಡದ ಕಡೆಯವನು. ತಿಂಗಳ ಕೊನೆ, ತರಕಾರಿ ಇಲ್ಲ ಅಂದರೆ, 'ಕಡ್ಲಿಹಿಟ್ಟು ಐತಿಲ್ಲೋ? ಝುಣಕಾ ಮಾಡೂಣು ಬಾ' ಅಂದ. ಬೆಳ್ಳುಳ್ಳಿ ಈರುಳ್ಳಿ ಒಗ್ಗರಣೆ, ಖಾರದ ಪುಡಿ, ಅರಿಶಿನ, ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿದ ಹಿಟ್ಟು. ಹತ್ತು ನಿಮಿಷ. ಜೊತೆಗೆ ಅವನ ಅವ್ವ ಕಳಿಸಿದ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಆಫೀಸಿನ ಗೆಳತಿ ಸಾಗರದವಳು, ಅವಳಿಂದ ಮೆಂತ್ಯದ ತಂಬುಳಿ ಬಂತು. ಅರ್ಧ ಚಮಚ ಮೆಂತ್ಯ ಹುರಿದು, ಜೀರಿಗೆ, ಸ್ವಲ್ಪ ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು, ಕುದಿಸುವುದೇ ಇಲ್ಲ. ನಾನು ಎರಡು ಚಮಚ ಹಾಕಿ ಕಪ್ಪಗೆ ಹುರಿದಿದ್ದೆ. ಕಷಾಯ ಕುಡಿದ ಹಾಗಾಯಿತು, ಆದರೂ ಸುಮ್ನೆ ಕುಡಿದೆ.

ಸಂತೆಯ ವಿಷಯದಲ್ಲೂ ಉಲ್ಟಾ ಮಾಡುತ್ತಿದ್ದೆ. ಅಡುಗೆ ಮೊದಲು ನಿರ್ಧಾರ ಮಾಡಿ ಆಮೇಲೆ ತರಕಾರಿಗೆ ಹೋಗುವುದು. ಈಗ ಹಾಪ್‌ಕಾಮ್ಸ್ ಅಂಗಡಿಯ ದರದ ಬೋರ್ಡ್ ನೋಡಿ ಅಲ್ಲೇ ನಿಂತು ಯೋಚಿಸುತ್ತೇನೆ. ಚಳಿಗಾಲದಲ್ಲಿ ಅವರೆಕಾಯಿ ರಾಶಿ ಬಿದ್ದಿರುವಾಗ ಬೀನ್ಸ್ ಯಾಕೆ ಬೇಕು? 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ನಮ್ಮ ಮನೆಯಲ್ಲಿ ಸಾರು ನಿಂತಿರಲಿಲ್ಲ, ಅಮ್ಮ ಹುಣಸೆಹಣ್ಣು ಸ್ವಲ್ಪ ಜಾಸ್ತಿ ಹಾಕುತ್ತಿದ್ದಳು ಅಷ್ಟೆ. ಆಗ ನಾನು ಗಮನಿಸಿಯೂ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಈಗ 11 ಅಡುಗೆ ಇವೆ, ನನ್ನ ಚಮಚ, ನನ್ನ ಒಲೆ, ನನ್ನ ಕುಕ್ಕರಿನ ಕೂಗಿನ ಲೆಕ್ಕದಲ್ಲಿ. ಹನ್ನೆರಡನೆಯದು ಹಾಗಲಕಾಯಿ ಗೊಜ್ಜು, ಮೂರು ಸಲ ಮಾಡಿದ್ದೇನೆ, ಮೂರು ಸಲವೂ ಕಹಿ. ಉಪ್ಪು ಹಚ್ಚಿಟ್ಟು ಹಿಂಡಿಯೂ ನೋಡಿದೆ. ಬೆಲ್ಲ ಎಷ್ಟು ಹಾಕಲಿ ಅಂತ ನಿನ್ನೆ ಅಮ್ಮನಿಗೆ ಫೋನ್ ಮಾಡಿದರೆ 'ಎರಡು ಅಡಿಕೆ ಗಾತ್ರ' ಅಂದಳು. ಸಿಪ್ಪೆ ಇರುವ ಅಡಿಕೆಯೋ ಸುಲಿದದ್ದೋ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ನಿಮಗೆ ಗೊತ್ತಿದ್ದರೆ ಹೇಳಿ, ಚಮಚದ ಲೆಕ್ಕದಲ್ಲಿ.