ಮಳೆ ನಮ್ಮಲ್ಲಿ ಬರಲಿಲ್ಲ, ನೀರು ಬಂತು

ವಿಷು ಕಳೆದು ವಾರವಾಗುವಷ್ಟರಲ್ಲಿ ನಮ್ಮ ಮಳೆ ಗುಂಪಿಗೆ ಮತ್ತೆ ಜೀವ ಬಂದಿದೆ. ಬೆಳಗ್ಗೆ ಫೋನ್ ತೆಗೆದರೆ ಹತ್ತಿಪ್ಪತ್ತು ಸಂದೇಶ. ಒಬ್ಬರು ವಿಂಡಿ ಎಂಬ ಹವಾಮಾನ ಆ್ಯಪಿನ ಚಿತ್ರ ಹಾಕುತ್ತಾರೆ, ಇನ್ನೊಬ್ಬರು ಕೇಪ್ (ಗುಡುಗು ಮೋಡ ಎಷ್ಟು ಜೋರಾಗಿ ಏಳಬಹುದೆಂದು ತೋರಿಸುವ ಅಂಕಿ) 3,000 ದಾಟಿತು ಅನ್ನುತ್ತಾರೆ, ಪೆರ್ಲ ಕಡೆಯ ಮಾಷ್ಟ್ರು 'ಇವತ್ತು ಮೂಡಣ ಗಾಳಿ ಉಂಟು, ಘಟ್ಟದ ಮೋಡ ಕೆಳಗೆ ಇಳಿಯಬಹುದು' ಎಂದು ಬರೆಯುತ್ತಾರೆ. ಆ ಸಂಭ್ರಮ ನನಗೂ ಉಂಟು. 11 ವರ್ಷದಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಗ್ಗೆ 8.30ಕ್ಕೆ ನೋಡಿ ಪುಸ್ತಕದಲ್ಲಿ ಬರೆದಿಡುವವನು ನಾನು. ಆದರೆ ಏಪ್ರಿಲ್ ತಿಂಗಳ ಮೋಡ ಕಂಡಾಗ ಈಗೀಗ ನನಗೆ ಮೊದಲು ನೆನಪಿಗೆ ಬರುವುದು ಒಂದು ಬಿದಿರಿನ ಏಣಿ.

ನಾನು ಸೈಟ್ ಸೂಪರ್‌ವೈಸರ್. ಕಿಂಡಿ ಅಣೆಕಟ್ಟು, ಮೋರಿ, ತಡೆಗೋಡೆ, ಇಂಥ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತೇನೆ. ಎರಡು ವರ್ಷದ ಹಿಂದೆ, ನಮ್ಮ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಶಿರಿಯಾ ಹೊಳೆಗೆ ಸೇರುವ ಒಂದು ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಕಿಂಡಿ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಮಾರ್ಚ್ ಕೊನೆಗೆ ಪಾರ್ಟ್ ಬಿಲ್ ಆಗಿತ್ತು. ಮಳೆಗಾಲ ಹಿಡಿಯುವ ಮೊದಲು ಅಣೆಕಟ್ಟಿನ ಕಂಬಗಳು (ಪಿಯರ್) ಮೇಲೆ ಬರಲೇಬೇಕು ಎಂದು ಮೇಲಿನಿಂದ ಒತ್ತಡ. ತೋಡಿಗೆ ಅಡ್ಡ, ಗುಂಡಿಗೆ ನೀರು ಬಾರದಂತೆ ಮರಳು ಚೀಲದ ತಾತ್ಕಾಲಿಕ ಒಡ್ಡು (ರಿಂಗ್ ಬಂಡ್), ಬದಿಯಲ್ಲಿ ನೀರು ತಿರುಗಿಸಿದ ಕಾಲುವೆ, ಎರಡು ಡೀಸೆಲ್ ಪಂಪು. ಗುಂಡಿಯ ಆಳ ಬಂಡಿನ ತಲೆಯಿಂದ ಎರಡೂವರೆ ಮೀಟರ್.

ಆ ದಿನ ಎರಡನೇ ಬೇಯ, ಅಂದರೆ ಎರಡನೇ ಭಾಗದ, ರಾಫ್ಟ್ (ತಳಪಾಯ) ಕಾಂಕ್ರೀಟು. ಬೆಳಗ್ಗೆ ಆರೂವರೆಗೆ ಶುರು ಎಂದು ನಿಶ್ಚಯಿಸಿದ್ದೆವು. ಸಿಮೆಂಟ್ ಲಾರಿ ಬಂದದ್ದು ಹನ್ನೊಂದಕ್ಕೆ. ಅಲ್ಲಿಗೇ ನಿಲ್ಲಿಸಿ ಮರುದಿನಕ್ಕೆ ಇಡಬಹುದಿತ್ತು. ಆದರೆ ಹುಡುಗರು ಬಂದಾಗಿತ್ತು, ಓವರ್ಸಿಯರ್ ಬಂದಾಗಿತ್ತು, ಕಬ್ಬಿಣ ಚೆಕ್ ಆಗಿ ಸಹಿ ಬಿದ್ದಿತ್ತು. ಇನ್ನೊಂದು ದಿನ ಅಂದರೆ ಇನ್ನೊಂದು ದಿನದ ಪಂಪಿನ ಡೀಸೆಲ್. ಹನ್ನೊಂದೂವರೆಗೆ ಮಿಕ್ಸರ್ ತಿರುಗಿತು.

ಒಂದು ಗಂಟೆಯ ಹೊತ್ತಿಗೆ ಗುಂಪಿನಲ್ಲಿ ಗದ್ದಲ. ಸುಬ್ರಹ್ಮಣ್ಯದ ಮೇಲಿನ ಘಟ್ಟದಲ್ಲಿ ಮೋಡ ಎದ್ದಿದೆ, ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ ಉರುಟಾಗಿ ಕಾಣುತ್ತಿದೆ ಎಂದರು. ನಾನು ಊಟದ ಹೊತ್ತಿಗೆ ಬೈಕ್ ಹತ್ತಿ ಪದವಿನ (ಎತ್ತರದ ಬಯಲು ಗುಡ್ಡದ) ಮೇಲಕ್ಕೆ ಹೋದೆ. ಅಲ್ಲಿಂದ ಮೂಡು ದಿಕ್ಕು ಪೂರ್ತಿ ತೆರೆದು ಕಾಣುತ್ತದೆ. ಹೂಕೋಸಿನ ಹಾಗೆ ಒಂದರ ಮೇಲೊಂದು ಉಬ್ಬಿ ಏರುತ್ತಿದ್ದ ಮೋಡ. ಮೇಲ್ತುದಿ ಚಪ್ಪಟೆಯಾಗಿ ಉತ್ತರಕ್ಕೆ ಚಾಚಿತ್ತು. ನಾನು ನೋಡುತ್ತಿದ್ದಂತೆಯೇ ಅದರ ಮುಂದೆ, ನಮಗೆ ಹತ್ತಿರದಲ್ಲಿ, ಎರಡನೇ ಮೋಡ ಎದ್ದಿತು. ಕಡಲಿನ ಗಾಳಿ ಒಳಗೆ ಬಂದು ಘಟ್ಟದ ಕಡೆಯಿಂದ ಇಳಿದ ತಂಪು ಗಾಳಿಗೆ ಎದುರಾಗುವಲ್ಲಿ ಹೀಗೆ ಹೊಸ ಮೋಡ ಹುಟ್ಟುವುದನ್ನು ನಾನು ಎಷ್ಟೋ ಸಲ ಓದಿದ್ದೆ. ಕಣ್ಣೆದುರು ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ನಾಲ್ಕು ಫೋಟೋ ತೆಗೆದೆ, ಗುಂಪಿಗೆ ಹಾಕಿದೆ. 'ಭಾರೀ ಲಾಯ್ಕುಂಟು' ಎಂದು ಉತ್ತರ ಬಂತು.

ಇಪ್ಪತ್ತು ನಿಮಿಷ ಅಲ್ಲಿ ನಿಂತಿದ್ದೆ. ಆ ಎರಡನೇ ಮೋಡದ ಅಡಿಯಲ್ಲಿ ಯಾವ ಊರು ಉಂಟು, ಆ ಊರಿನ ನೀರು ಯಾವ ತೋಡಿಗೆ ಇಳಿಯುತ್ತದೆ ಎಂಬ ಪ್ರಶ್ನೆ ಒಮ್ಮೆಯೂ ತಲೆಗೆ ಬರಲಿಲ್ಲ. ಇದನ್ನು ಬರೆಯುವಾಗಲೂ ಎದೆ ಹಿಂಡುತ್ತದೆ. ಏಕೆಂದರೆ ಶಿರಿಯಾ ಹೊಳೆ ಹುಟ್ಟುವುದೇ ಗಡಿಯಾಚೆ, ಕರ್ನಾಟಕದ ಆನೆಗುಂಡಿ ಕಾಡಿನಲ್ಲಿ ಎಂದು ನನಗೆ ಶಾಲೆಯಿಂದಲೇ ಗೊತ್ತು. ನಮ್ಮ ತೋಡಿನ ತಲೆಯೂ ಗಡಿಯ ಹತ್ತಿರವೇ.

2.40ಕ್ಕೆ ಮೊದಲ ಗುಡುಗು ಕೇಳಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ, 30 ಸೆಕೆಂಡು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕದಲ್ಲಿ 10 ಕಿ.ಮೀ. ಆಗಲೇ ಸೈಟ್ ಇಂಜಿನಿಯರರ ಫೋನ್.

"ಮಳೆ ಬರ್ತದಾ? ಅಲರ್ಟ್ ಎಂತ ಉಂಟು?"

"ಮಳೆ ಅಲರ್ಟ್ ಇಲ್ಲ ಸರ್, ಗುಡುಗಿನ ಎಚ್ಚರಿಕೆ ಮಾತ್ರ. ನಮ್ಮಲ್ಲಿಗೆ ಬರುವುದಿಲ್ಲ, ಬಡಗಿಗೆ ಸರಿಯುತ್ತಾ ಉಂಟು."

"ನೀವು ಹೇಳಿದರೆ ಆಯ್ತು."

ಸೈಟಿನಲ್ಲಿ ನನ್ನ ಮಾತಿಗೆ ಆ ಬೆಲೆ ಇತ್ತು. ಹವಾಮಾನ ಗೊತ್ತಿರುವವನು ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಾನು ಹೇಳಿದ್ದು ಸರಿಯೂ ಆಯಿತು. ನಮ್ಮ ಸೈಟಿನಲ್ಲಿ ಆ ದಿನ ನಾಲ್ಕು ದಪ್ಪ ಹನಿ ಬಿದ್ದದ್ದು ಬಿಟ್ಟರೆ ಮಳೆಯೇ ಇಲ್ಲ. ಮರುದಿನ ಬೆಳಗ್ಗೆ ಮನೆಯ ಮಾಪಕದಲ್ಲಿ 1.8 ಮಿ.ಮೀ.

ಮೂರೂವರೆ ಕಳೆದಿರಬೇಕು. ಮೇಲಿನ ತೋಟದ ಅಜ್ಜ ದಡದಲ್ಲಿ ನಡೆದುಕೊಂಡು ಬಂದರು. ಅವರ ತೋಟ ಸೈಟಿನಿಂದ ಅರ್ಧ ಕಿಲೋಮೀಟರ್ ಮೇಲೆ. ಅಲ್ಲಿ ಪ್ರತಿ ವರ್ಷ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟಿ ಬೇಸಿಗೆಗೆ ನೀರು ನಿಲ್ಲಿಸುತ್ತಾರೆ. ಕೈಯಲ್ಲಿ ಹಾರೆ ಇತ್ತು. ಹಾರೆಯಲ್ಲಿ ಹಸಿ ಮಣ್ಣು.

"ತೋಡಿನ ಬಣ್ಣ ತಿರುಗಿದೆ, ನೋಡಿದ್ರಾ? ಮೇಲೆ ಎಲ್ಲಿಯೋ ಜೋರು ಬಂದಿದೆ. ಮಕ್ಕಳನ್ನು ಹತ್ತಿಸಿ."

ನಾನು ಬದಿಯ ಕಾಲುವೆ ನೋಡಿದೆ. ನೀರು ಸ್ವಲ್ಪ ಕೆಂಪಾಗಿತ್ತು. ಅಜ್ಜನ ಹಾರೆ ನೋಡಿದೆ. ಕಟ್ಟದಲ್ಲಿ ಏನೋ ರಿಪೇರಿ ಮಾಡಿದ್ದಾರೆ, ಅದರ ಮಣ್ಣು ಕದಡಿ ಬಂದಿದೆ ಅಂದುಕೊಂಡೆ. ನೀರಿನಲ್ಲಿ ಒಣ ಎಲೆಗಳು ತೇಲುತ್ತಿದ್ದವು. ಅವು ರಬ್ಬರ್ ಎಲೆ. ನಮ್ಮ ಎರಡೂ ದಡದಲ್ಲಿ ಅಡಿಕೆ, ತೆಂಗು ಬಿಟ್ಟರೆ ಬೇರೇನಿಲ್ಲ. ರಬ್ಬರ್ ಗುಡ್ಡ ಸಿಗುವುದು ಎಂಟು ಕಿಲೋಮೀಟರ್ ಮೇಲೆ. ಎಲೆ ಕಣ್ಣಿಗೆ ಬಿತ್ತು, ಅದು ಎಲ್ಲಿಂದ ಬಂತೆಂದು ಯೋಚಿಸಲಿಲ್ಲ.

"ಇನ್ನು ಐದಾರು ಬ್ಯಾಚು ಅಜ್ಜ. ಸ್ಟಾಪ್ ಬೋರ್ಡಿನ ಹಲಗೆಯವರೆಗೆ ಮುಟ್ಟಿದರೆ ಸಾಕು. ಇಪ್ಪತ್ತು ನಿಮಿಷ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ನೀವು ಕಲಿತವರು. ನಾನು ನನ್ನ ಕಟ್ಟ ಬಿಡಿಸಿ ಬಂದಿದ್ದೇನೆ" ಎಂದಷ್ಟೇ ಹೇಳಿ ಅಲ್ಲೇ ದಡದಲ್ಲಿ ಕುಳಿತರು. ಏಪ್ರಿಲ್ ತಿಂಗಳಲ್ಲಿ, ಅಡಿಕೆ ಮರ ನೀರಿಲ್ಲದೆ ಸೋಲುವ ಹೊತ್ತಿನಲ್ಲಿ, ಒಬ್ಬ ಕೃಷಿಕ ತಾನೇ ಕಟ್ಟಿದ ಕಟ್ಟವನ್ನು ತನ್ನ ಕೈಯಾರೆ ಒಡೆದಿದ್ದಾನೆ ಎಂದರೆ ಅದರ ಅರ್ಥ ಏನು? ನಾನು ವಾಚು ನೋಡಿದೆ, ಕಾಂಕ್ರೀಟ್ ಎಷ್ಟು ದೂರ ಬಂತೆಂದು ನೋಡಿದೆ.

3.55ಕ್ಕೆ ಫೋನ್. ಜಲ್ಲಿ ತರುವ ನಮ್ಮ ಟಿಪ್ಪರಿನ ಡ್ರೈವರ್, ಮೇಲಿನ ಸೇತುವೆಯಿಂದ. "ಅಣ್ಣಾ, ಮೇಲಿನ ಸಂಕದಲ್ಲಿದ್ದೇನೆ. ನೀರು ಸಂಕಕ್ಕೆ ಮುಟ್ಟಲಿಕ್ಕೆ ಆಯ್ತು. ಮರ ಎಲ್ಲ ಬರ್ತಾ ಉಂಟು. ಬೇಗ ಹತ್ತಿಸಿ!"

ಗುಂಡಿಯಲ್ಲಿ ಒಂಬತ್ತು ಜನ. ಎಲ್ಲರೂ ಬಂಗಾಳದ ಹುಡುಗರು. ಪಂಪಿನ ಸದ್ದು, ಮಿಕ್ಸರಿನ ಸದ್ದು, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸದ್ದು. ನಾನು ಬಂಡಿನ ಮೇಲೆ ನಿಂತು ಕಿರುಚಿದೆ, ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಓಡಿ ಹೋಗಿ ಮಿಕ್ಸರ್ ಆಫ್ ಮಾಡಿದೆ. ಆಗ ಎಲ್ಲರೂ ಮೇಲೆ ನೋಡಿದರು. "ಊಪರ್! ಊಪರ್ ಆವೋ! ಪಾನಿ!" ಆ ಗುಂಡಿಗೆ ಇದ್ದದ್ದು ಒಂದೇ ಏಣಿ, ಬಿದಿರಿನದ್ದು. ಕಾಂಕ್ರೀಟು ಮೆತ್ತಿದ ಗಂಬೂಟು ಹಾಕಿಕೊಂಡು ಬಿದಿರು ಏಣಿ ಹತ್ತಲು ಒಬ್ಬನಿಗೆ ಎಷ್ಟು ಹೊತ್ತು ಬೇಕು ಎಂದು ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಏಳೆಂಟು ಸೆಕೆಂಡು ಬೇಕು. ಕಾಲು ಜಾರಿದರೆ ಇನ್ನೂ ಹೆಚ್ಚು.

ಆರು ಜನ ಹತ್ತಿದರು. ಆಗ ಕೇಳಿತು ಆ ಸದ್ದು. ಗುಡುಗಿನಂತಲ್ಲ. ದೂರದಲ್ಲಿ ಬಿದಿರ ಮೆಳೆ ಮುರಿಯುತ್ತಾ ಬಂದ ಹಾಗೆ, ಅದರ ಅಡಿಯಲ್ಲಿ ಕಲ್ಲು ಉರುಳುವ ಸದ್ದು. ತಿರುವಿನಲ್ಲಿ ಕೆಂಪು ನೀರು ಕಾಣಿಸಿತು. ಎದುರಿಗೆ ಸೊಪ್ಪು, ಕಟ್ಟಿಗೆ, ತೆಂಗಿನ ಮಡಲು, ನೊರೆ. ಬಂಡಿನ ಬುಡದಲ್ಲಿ ಎರಡು ಚೀಲ ಕುಸಿದವು.

ಏಣಿಯ ಬುಡದಲ್ಲಿ ಇನ್ನೂ ಇಬ್ಬರು. ಮತ್ತೊಬ್ಬ, ಎಲ್ಲರಿಗಿಂತ ಸಣ್ಣವನು, ಮೂಲೆಯಲ್ಲಿ ಬಗ್ಗಿ ವೈಬ್ರೇಟರಿನ ಮೋಟಾರು ಎತ್ತುತ್ತಿದ್ದ. ಸಾಮಾನು ಹೋದರೆ ಕೂಲಿಯಲ್ಲಿ ಮುರಿದುಕೊಳ್ಳುವ ಕ್ರಮ ನಮ್ಮಲ್ಲಿತ್ತು. ಆ ತಿಂಗಳೇ ಒಂದು ಗ್ರೈಂಡರ್ ಕಾಣೆಯಾಗಿ ಮೂವರ ಕೂಲಿಯಲ್ಲಿ ಮುರಿದಿದ್ದೆವು. ಆ ಪುಸ್ತಕದಲ್ಲಿ ಬರೆದದ್ದು ನಾನೇ. "ಚೋಡ್ ದೋ!" ಎಂದು ಎಷ್ಟು ಕೂಗಿದರೂ ಅವನು ಅದನ್ನು ಬಿಡಲಿಲ್ಲ.

ಮಣ್ಣು ಅಗೆಯುವ ಹಿಟಾಚಿಯ ಆಪರೇಟರ್ ಯಾರ ಅಪ್ಪಣೆಗೂ ಕಾಯಲಿಲ್ಲ. ಬೂಮ್ ತಿರುಗಿಸಿ ಬಕೆಟನ್ನು ಗುಂಡಿಯ ಮೂಲೆಗೆ ಇಳಿಸಿದ. ಹುಡುಗ ಬಕೆಟಿಗೆ ಹತ್ತುವಾಗ ನೀರು ಅವನ ಸೊಂಟಕ್ಕೆ ಬಂದಿತ್ತು. ಮೋಟಾರು ಆಗಲೂ ಕೈಯಲ್ಲೇ ಇತ್ತು. ಅವನನ್ನು ಎತ್ತಿ ದಡಕ್ಕೆ ತಂದು ಇಳಿಸುವಷ್ಟರಲ್ಲಿ ರಿಂಗ್ ಬಂಡ್ ಇರಲಿಲ್ಲ. ಪಂಪು ಎರಡೂ ಹೋದವು. ಹಸಿ ಕಾಂಕ್ರೀಟು ಹೋಯಿತು, ಸ್ಟಾರ್ಟರ್ ಕಂಬಿಗಳು ಹುಲ್ಲಿನ ಹಾಗೆ ಒಂದೇ ದಿಕ್ಕಿಗೆ ಬಾಗಿದವು. ಬಿದಿರಿನ ಏಣಿ ತೇಲಿ ಹೋದದ್ದನ್ನು ನಾನು ತಿರುವಿನವರೆಗೂ ನೋಡಿದೆ. ಒಂಬತ್ತು ಜನರನ್ನು ಮೂರು ಸಲ ಎಣಿಸಿದೆ.

ಸಂಜೆ ಆರಕ್ಕೆ ನೀರು ಇಳಿಯಿತು. ರಾತ್ರಿ ಆಕಾಶ ತಿಳಿಯಾಗಿ ನಕ್ಷತ್ರ ಕಂಡಿತು.

ನಿದ್ದೆ ಬಾರದೆ ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಮೇಲಿನ ಊರಿನವರು ಹೇಳಿದ ಪ್ರಕಾರ ಮುಕ್ಕಾಲು ಗಂಟೆ ಸುರಿದಿತ್ತು, ಅಂಗಳದಲ್ಲಿದ್ದ ನೇರ ಬದಿಯ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು. ಕಡಿಮೆ ಹಿಡಿದು 50 ಮಿ.ಮೀ. ಎನ್ನೋಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ಭಾರೀ ಮಳೆ' ಶುರುವಾಗುವುದು 24 ಗಂಟೆಗೆ 64.5 ಮಿ.ಮೀ.ನಿಂದ. ಮಳೆ ಅಲರ್ಟಿನ ಹಳದಿ, ಕಿತ್ತಳೆ ಬಣ್ಣಗಳು ಆ ಮೇಲಿನವು. ಅಂದರೆ ನಮ್ಮ ಗುಂಡಿಯನ್ನು ಕೊಚ್ಚಿಕೊಂಡು ಹೋದ ಮಳೆ ಆ ಪಟ್ಟಿಯಲ್ಲಿ ಭಾರೀ ಮಳೆಯೇ ಅಲ್ಲ. ಆದರೆ 8 ಚದರ ಕಿಲೋಮೀಟರಿನ ಮೇಲೆ 50 ಮಿ.ಮೀ. ಬಿದ್ದರೆ 4 ಲಕ್ಷ ಘನ ಮೀಟರ್ ನೀರು, 40 ಕೋಟಿ ಲೀಟರ್. ನಮ್ಮ ಕಡೆಯ ಪದವು ಅಂದರೆ ಬರೀ ಮುರಕಲ್ಲು, ಬೇಸಿಗೆಯಲ್ಲಿ ಕಾದು ಗಟ್ಟಿಯಾಗಿರುತ್ತದೆ. ಅಷ್ಟು ಜೋರಾಗಿ ಸುರಿದರೆ ಹೀರಿಕೊಳ್ಳುವುದು ಸ್ವಲ್ಪವೇ, ಉಳಿದದ್ದು ತೋಡಿಗೆ. ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ. ತೋಡಿಗೊಂದು ಅಲರ್ಟ್ ಕೊಡಲು ಯಾರಿಂದಲೂ ಆಗದು. ಕೊಚ್ಚಿಯ ರೇಡಾರ್ ನಮ್ಮಿಂದ 300 ಕಿ.ಮೀ.ಗೂ ಹೆಚ್ಚು ದೂರ. ಭೂಮಿಯ ಬಾಗಿನಿಂದಾಗಿ ಅದರ ಕಿರಣ ನಮ್ಮ ಮೇಲೆ ಬರುವಾಗ ಹಲವು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಮೋಡದ ಕೆಳಭಾಗ ಅದಕ್ಕೆ ಕಾಣುವುದಿಲ್ಲ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗುಂಪಿನಲ್ಲಿ ಹೊಸಬರಿಗೆ ಇದನ್ನು ವಿವರಿಸಿ ಹೇಳುತ್ತಿದ್ದವನೂ ನಾನೇ.

ಇನ್ನೊಂದು ಲೆಕ್ಕವೂ ಆಯಿತು. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನೀರು ಬಂದರೂ ಎಂಟು ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ ಬೇಕು. ಮೊದಲ ಗುಡುಗು ಕೇಳಿದಾಗ ನನ್ನ ಕೈಯಲ್ಲಿ ಆ ಒಂದು ಗಂಟೆ ಇತ್ತು. ಮಿಂಚು ಎಷ್ಟು ದೂರ ಎಂದು ಎಣಿಸಿದೆ. ಆ ಎಣಿಕೆ ಸಿಡಿಲಿಗೆ ಸರಿ. ಗುಂಡಿಯಲ್ಲಿದ್ದವರಿಗೆ ಅಪಾಯವಿದ್ದದ್ದು ನೀರಿನಿಂದ.

ಈಗ ನನ್ನ ಸೈಟಿನಲ್ಲಿ ವಿಷುವಿನಿಂದ ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಮಧ್ಯಾಹ್ನ ಎರಡರ ಮೇಲೆ ಗುಂಡಿಗೆ ಯಾರೂ ಇಳಿಯುವುದಿಲ್ಲ. ಸಿಮೆಂಟ್ ತಡವಾದರೆ ಕೆಲಸ ಮರುದಿನಕ್ಕೆ. ಇದಕ್ಕೆ ಆಫೀಸಿನಲ್ಲಿ ಪ್ರತಿ ವರ್ಷ ಜಗಳ. ಅವರ ಬಾರ್ ಚಾರ್ಟಿನಲ್ಲಿ, ಅಂದರೆ ಕೆಲಸದ ವೇಳಾಪಟ್ಟಿಯಲ್ಲಿ, ಮೇ 31ರವರೆಗೆ ಎಲ್ಲ ದಿನವೂ ಎಂಟು ಗಂಟೆಯ ದಿನವೇ. ಬೇಸಿಗೆ ಮಳೆಗೆ ಅದರಲ್ಲಿ ಒಂದು ಗೆರೆಯೂ ಇಲ್ಲ. ಎರಡು ಕಬ್ಬಿಣದ ಏಣಿಗೆ ಬಿಲ್ ಕೊಟ್ಟಾಗ 'ಇದು ಎಸ್ಟಿಮೇಟಿನಲ್ಲಿ ಎಲ್ಲುಂಟು?' ಎಂದು ಕೇಳಿದರು. ಕೊನೆಗೆ ಗುತ್ತಿಗೆದಾರರು ಕೈಯಿಂದ ಹಣ ಹಾಕಿದರು. ಸಾಮಾನು ಹೋದರೆ ಕೂಲಿಯಲ್ಲಿ ಮುರಿಯುವ ಪುಟವನ್ನು ನಾನೇ ಹರಿದೆ, ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಮೇಲಿನ ಊರಿನ ಮೂವರ ನಂಬರು ಫೋನಿನಲ್ಲಿದೆ. ಸಂಕದ ಹತ್ತಿರದ ಅಂಗಡಿಯವರು, ಹಾಲಿನ ಸೊಸೈಟಿಯವರು, ಗಡಿಯಾಚೆಯ ಒಬ್ಬ ರಬ್ಬರ್ ಟ್ಯಾಪರ್. ಕರ್ನಾಟಕದ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗಡಿಯಾಚೆಯ ಪಂಚಾಯತುಗಳಲ್ಲಿವೆ, ಅವುಗಳ ಅಂಕಿಯನ್ನೂ ನೋಡುತ್ತೇನೆ. ಅದು ಬೇರೆ ರಾಜ್ಯದ್ದೆಂದು ಅಲ್ಲಿಯವರೆಗೆ ತೆರೆದೂ ನೋಡಿರಲಿಲ್ಲ. ಆದರೆ ಎಲ್ಲಕ್ಕಿಂತ ಬೇಗ ಬರುವುದು ಅಂಗಡಿಯವರ ಫೋನೇ.

ಆ ಘಟನೆಯ ಮರುದಿನ ಹುಡುಗರು ಕೆಲಸಕ್ಕೆ ಬಂದರು. ಸೈಟಿನಲ್ಲಿ ಮಾಡಲು ಏನೂ ಇರಲಿಲ್ಲ. ಕೊಚ್ಚಿ ಹೋಗದೆ ಉಳಿದ ಖಾಲಿ ಚೀಲ ಎಣಿಸಿದೆ, ಇನ್ನೂರರ ಮೇಲೆ ಇತ್ತು. ಅವನ್ನು ಹೊತ್ತುಕೊಂಡು ನಾವು ಹತ್ತು ಜನ ಅಜ್ಜನ ತೋಟಕ್ಕೆ ಹೋದೆವು. ಅವರು ಒಬ್ಬರೇ ಕಟ್ಟದ ಹತ್ತಿರ ಕಲ್ಲು ಹೆಕ್ಕುತ್ತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ವೈಬ್ರೇಟರಿನ ಹುಡುಗನನ್ನು ನೋಡಿ, "ಇವನೇ ಅಲ್ವಾ ನಿನ್ನೆಯವನು? ಚಾ ಕುಡಿದನಾ ಕೇಳಿ" ಎಂದರು. ಸಂಜೆಯವರೆಗೆ ಚೀಲಕ್ಕೆ ಮಣ್ಣು ತುಂಬಿ ಕಟ್ಟದ ನಡುವನ್ನು ಮುಚ್ಚಿದೆವು. ಐದು ಗಂಟೆಗೆ ನೀರು ಅವರ ತೋಟದ ಕಣಿಗೆ (ಕಾಲುವೆಗೆ) ಏರಿತು.