ನಮ್ಮ ಹಾಸ್ಟೆಲ್ಲಿನ ಗಟ್ಟಿ ಮಕ್ಕಳು

ಶಾಲೆಯ ನೆನಪು ಅಂದ್ರೆ ಮೇಷ್ಟ್ರುಗಳ ಬಗ್ಗೆ, ಸ್ಪೋರ್ಟ್ಸ್ ಡೇ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದಾರೆ, ನಾನು ಹಾಸ್ಟೆಲ್ಲಿನ ನಮ್ಮ ಗ್ಯಾಂಗ್ ಬಗ್ಗೆ ಬರೀತೀನಿ. ಮಿಷನರಿಗಳ ಮಕ್ಕಳು ನಾವು. ಅಪ್ಪ ಅಮ್ಮ ಎಲ್ಲೋ ದೂರದಲ್ಲಿ ಸೇವೆಯಲ್ಲಿ, ನಾವು ಇಲ್ಲಿ.

ಭಾನುವಾರ ಆರಾಧನೆ ಮುಗಿದ್ಮೇಲೆ ಮನೆಗೆ ಕಾಗದ ಬರೆಯೋದು ಕಡ್ಡಾಯ. ಬರೆದದ್ದನ್ನ ವಾರ್ಡನ್ ಓದಿ ಆಮೇಲೇ ಕವರ್ ಅಂಟಿಸ್ತಿದ್ದದ್ದು, ಹಾಗಾಗಿ ಎಲ್ಲರದ್ದೂ ಒಂದೇ ಒಕ್ಕಣೆ, ನಾನು ಕ್ಷೇಮ, ಚೆನ್ನಾಗಿ ಓದ್ತಿದೀನಿ, ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ. ರಾತ್ರಿಯೆಲ್ಲ ದಿಂಬು ಕಚ್ಕೊಂಡು ಅತ್ತವನೂ ಇದನ್ನೇ ಬರೀತಿದ್ದ. ನನ್ನ ತಂಗಿ ಮಾತ್ರ ಮೂಲೇಲಿ ಒಂದು ಪುಟ್ಟ ಬೆಕ್ಕು ಬರೆಯೋಳು, ಬಾಲ ಕೆಳಗಿದ್ರೆ ಬೇಜಾರಲ್ಲಿದಾಳೆ ಅಂತ ಅಮ್ಮಂಗೆ ಗೊತ್ತಾಗೋದು. ವಾರ್ಡನ್‌ಗೆ ಕೊನೇವರೆಗೂ ಗೊತ್ತಾಗ್ಲಿಲ್ಲ ಬಿಡಿ.

ಬೇರೆ ಹುಡುಗರಿಗೂ ಮನೆ ನೆನಪಾಗೋದು, ಆದ್ರೆ ಅವರು ನಮ್ಮಪ್ಪ ತಂದು ಈ ಜೈಲಿಗೆ ಹಾಕ್ಬಿಟ್ರು ಅಂತ ಬೈಕೊಂಡು ಹಗುರ ಆಗ್ತಿದ್ರು. ನಮಗೆ ಅದೂ ಇರ್ಲಿಲ್ಲ. ಅಪ್ಪನ್ನ ಕರೆದಿದ್ದು ದೇವರು, ಇನ್ನು ಜಗಳ ಯಾರ ಹತ್ರ ಆಡೋದು? ಅಪ್ಪನ ಮೇಲೆ ಸಿಟ್ಟು ಬಂದ್ರೂ ಪಾಪ ಮಾಡಿದ ಹಾಗೆ ಅನ್ಸೋದು, ಅದ್ಕೇ ಸುಮ್ನೆ ಇರ್ತಿದ್ವಿ, ದೊಡ್ಡವರು ಅದನ್ನ ನೋಡಿ "ಎಷ್ಟು ಗಟ್ಟಿ ಮಕ್ಕಳು" ಅಂತ ಹೊಗಳೋರು. ಆ ಹೊಗಳಿಕೆಯಿಂದ ಆದಷ್ಟು ತೊಂದರೆ ಯಾರ ಬೈಗುಳದಿಂದಲೂ ಆಗಿಲ್ಲ ಅಂತ ನನ್ನ ಅಭಿಪ್ರಾಯ.

ರಜಕ್ಕೆ ಹೋದ್ರೆ ಮೊದಲೊಂದೆರಡು ದಿನ ಅಮ್ಮನ ಹತ್ರಾನೇ ಸಂಕೋಚ. ಅಲ್ಲಿನ ಮಕ್ಕಳು ಅವರ ಭಾಷೇಲಿ ಪಟಪಟ ಮಾತಾಡ್ತಾ ಅಮ್ಮನ ತೊಡೆ ಮೇಲೆ ಕೂತಿರೋರು, ನಾನು ನೆಂಟರ ಥರ ಬಾಗಿಲ ಹತ್ರ ನಿಂತಿರ್ತಿದ್ದೆ. ಸಲಿಗೆ ಬರೋ ಹೊತ್ತಿಗೆ ರಜ ಮುಗಿಯೋದು.

ಇದೇನು ಹೊಸದಲ್ಲ. ಮಲಯಾಳಂ ನಿಘಂಟು ಮಾಡಿದ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದ್ರು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಇವರೇ. ನಮ್ಮಂಥವರಿಗೆ "ಥರ್ಡ್ ಕಲ್ಚರ್ ಕಿಡ್ಸ್", ಅಂದ್ರೆ ಮೂರನೇ ಸಂಸ್ಕೃತಿಯ ಮಕ್ಕಳು ಅಂತ ಹೆಸರಿಟ್ಟಿದ್ದು ರೂತ್ ಹಿಲ್ ಯೂಸೀಮ್ ಅನ್ನೋ ಸಮಾಜಶಾಸ್ತ್ರಜ್ಞೆ, ಅದೂ 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನ ಸ್ಟಡಿ ಮಾಡೋಕೆ ಬಂದಾಗ. ಅಪ್ಪ ಅಮ್ಮನ ಕಡೆಯವರೂ ಪೂರ್ತಿ ನಮ್ಮೋರಲ್ಲ, ಬೆಳೆದ ಜಾಗದೋರೂ ಅಲ್ಲ, ನಮ್ಮ ಥರಾನೇ ಬೆಳೆದೋರು ಸಿಕ್ಕಿದ್ರೆ ಮಾತ್ರ ಐದೇ ನಿಮಿಷಕ್ಕೆ ಸಲಿಗೆ.

ಹಾಸ್ಟೆಲ್ಲಲ್ಲಿ ನಮ್ಮನ್ನ ಉಳಿಸಿದ್ದೂ ಅದೇ. ಲೈಟ್ ಆಫ್ ಆದ್ಮೇಲೆ ಹೊಸದಾಗಿ ಬಂದ ಮಗುವಿನ ಮಂಚದ ಹತ್ರ ಯಾರಾದ್ರೂ ಸೀನಿಯರ್ ಹೋಗಿ ಕೂರೋರು, ಅಳಬೇಡ ಅಂತ ಹೇಳ್ತಿರ್ಲಿಲ್ಲ, ಸುಮ್ನೆ ನಿದ್ದೆ ಬರೋವರೆಗೂ ಕೂರೋರು. ಇದನ್ನ ನಮಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಈಗ ಹಾಸ್ಟೆಲ್ ನೋಡ್ಕೊಳ್ಳೋರಿಗೆ ಒಂದೇ ರಿಕ್ವೆಸ್ಟ್, ಮಕ್ಕಳು ಮನೆಗೆ ಫೋನ್ ಮಾಡುವಾಗ ದಯವಿಟ್ಟು ಪಕ್ಕದಲ್ಲಿ ನಿಂತ್ಕೋಬೇಡಿ.