"ಯಾರಿಗೆ?" ಅಂದ ಮುದುಕಪ್ಪ

ಶನಿವಾರದಿಂದ, ಊದೋ ವಾದ್ಯ ಮಾಡೋ ಆ ಮುದುಕಪ್ಪ ಕೇಳಿದ್ದು ತಲೆಯಿಂದ ಇಳೀತಿಲ್ಲ, ಆಫೀಸಲ್ಲಿ ಮೀಟಿಂಗ್ ಮಧ್ಯೆನೂ ಅದೇ. ಫ್ರೆಂಚ್ ಹಾರ್ನ್ ಅನ್ನೋ ವಾದ್ಯದ ಹಿತ್ತಾಳೆ ಬದಲಾಯಿಸಿದ್ರೆ ಸೌಂಡ್ ನಿಜವಾಗ್ಲೂ ಬದಲಾಗುತ್ತಾ ಅಂತ ಕೇಳಿದ್ದೆ. ಸುತ್ತಿಗೆ ಕೆಳಗಿಡದೇನೇ "ಯಾರಿಗೆ?" ಅಂದ. ಅಷ್ಟೇ. ಮತ್ತೆ ಬಡಿಯೋಕೆ ಶುರು.

ಹೋಗಿದ್ದು ಮಾರ್ಕ್‌ನೊಯ್‌ಕಿರ್ಶೆನ್ ಕಡೆ. ಜರ್ಮನಿಯಲ್ಲಿ ಜೆಕ್ ಗಡಿ ಪಕ್ಕದ ಚಿಕ್ಕ ಊರು, ಗಡಿಯಾಚೆಯ ಬೊಹೆಮಿಯಾದಿಂದ ಓಡಿ ಬಂದ ಪಿಟೀಲು ಮಾಡೋರು 1677ರಲ್ಲೇ ಅಲ್ಲಿ ಸಂಘ ಕಟ್ಕೊಂಡಿದ್ರಂತೆ, ಈಗ್ಲೂ ಎಲ್ಲಿ ನೋಡಿದ್ರೂ ವಾದ್ಯ ಮಾಡೋರೇ. ನನ್ನ ಕಲೀಗ್ ಒಬ್ಬ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಫ್ರೆಂಚ್ ಹಾರ್ನ್ ಊದ್ತಾನೆ. ಮನುಷ್ಯ ಒಳ್ಳೆಯವನೇ, ಆದ್ರೆ ತನ್ನ ಕಿವಿ ಬಗ್ಗೆ ವಿಪರೀತ ಜಂಬ. ಅವನ ಹಾರ್ನ್‌ಗೆ ಹೊಸ ಬೆಲ್ ಬೇಕಿತ್ತು, ಅಂದ್ರೆ ಆ ಅಗಲ ಬಾಯಿ. ಸ್ಕ್ರೂ ರಿಂಗ್ ಇರೋ ಹಾರ್ನ್‌ನಲ್ಲಿ ಅದನ್ನ ತಿರುಗಿಸಿ ಬಿಚ್ಚಬಹುದು, ಬೇರೆದು ಹಾಕಬಹುದು. ನನ್ನ ಕೆಲಸ ಕಾರಿನ ಸದ್ದು, ಕಂಪನ ಅಳೆಯೋದು, ಹಾಗಾಗಿ ನಾನೂ ಬರ್ತೀನಿ ಅಂದೆ. ಡ್ರೈವರ್ ಬಿಟ್ಟಿ ಸಿಕ್ಕ ಅಂತ ಅವನಿಗೂ ಖುಷಿ.

ನಾನು ಅಂದ್ಕೊಂಡಿದ್ದು ಯಾವುದೋ ಪ್ರೆಸ್ ಮೆಷಿನ್‌ನಲ್ಲಿ ಟಕ್ ಅಂತ ಒತ್ತಿ ತೆಗೀತಾರೆ ಅಂತ. ಅಲ್ಲಿ ನೋಡಿದ್ರೆ ಒಂದು ಚಪ್ಪಟೆ ಹಿತ್ತಾಳೆ ಹಾಳೆ, ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಅದನ್ನ ಪ್ಯಾಟರ್ನ್ ಇಟ್ಟು ಕತ್ತರಿಸಿ, ಅಂಚಿಗೆ ಹಲ್ಲು ಹಲ್ಲಾಗಿ ಕಚ್ಚು ಹಾಕಿ, ಕೊಳವೆ ಥರ ಮಡಚಿ, ಹಲ್ಲಿಗೆ ಹಲ್ಲು ಸೇರಿಸಿ ಬೆಸುಗೆ ಹಾಕ್ತಾರೆ, ಆಮೇಲೆ ಆ ಹೊಲಿಗೆನ ಬಡಿದು ಬಡಿದು ಮಟ್ಟ ಮಾಡ್ತಾರೆ. ಹಾರ್ನ್‌ನ ಬಾಯಿ ಮೂವತ್ತು ಸೆಂಟಿಮೀಟರ್ ಅಗಲ, ಬರೀ ಮಡಚಿದ ಹಾಳೆಗೆ ಅಷ್ಟು ಹಿಗ್ಗೋಕಾಗಲ್ಲ, ಅದಕ್ಕೇ ಟೈಲರ್ ಜುಬ್ಬಾ ಬಗಲಿಗೆ ತುಂಡು ಬಟ್ಟೆ ಕೊಡೋ ಹಾಗೆ ಒಂದು ತ್ರಿಕೋನ ತುಂಡನ್ನ ಮಧ್ಯೆ ಕೂರಿಸ್ತಾರೆ. ಆಮೇಲೆ ಉಕ್ಕಿನ ಅಚ್ಚಿನ ಮೇಲೆ ಹಾಕಿ ಬಡಿಯೋದು. ಬಡಿದಂಗೆ ಹಿತ್ತಾಳೆ ಗಟ್ಟಿಯಾಗುತ್ತೆ, ಇನ್ನೂ ಬಡಿದ್ರೆ ಸೀಳುತ್ತೆ, ಹಾಗಾಗಿ ಮಂದ ಕೆಂಪಾಗೋವರೆಗೆ ಕಾಯಿಸಿ ಮೆತ್ತಗೆ ಮಾಡಿ, ಆಸಿಡ್‌ನಲ್ಲಿ ಕರಿ ತೆಗೆದು, ಮತ್ತೆ ಬಡಿಯೋದು. ಕೊನೆಗೆ ಲೇತ್ ಮೇಲೆ ಅಚ್ಚಿನ ಸಮೇತ ತಿರುಗಿಸಿ ಉದ್ದನೆ ಹಿಡಿಯ ಉಪಕರಣದಿಂದ ಒತ್ತಿ ಆಕಾರಕ್ಕೆ ತರ್ತಾರೆ. ಅಂಚಿಗೆ ಬರೋ ಹೊತ್ತಿಗೆ ಲೋಹ ಎಷ್ಟು ತೆಳ್ಳಗಾಗಿರುತ್ತೆ ಅಂದ್ರೆ ಒಳಗೊಂದು ತಂತಿ ಇಟ್ಟು ಸುರುಳಿ ಸುತ್ತದಿದ್ರೆ ಕೈ ತಾಗಿದ್ರೂ ಸೊಟ್ಟಗಾಗುತ್ತೆ. ಕೆಲವರು ಅಂಚಿಗೆ ಸುತ್ತಲೂ ಒಂದು ಪಟ್ಟಿನೂ ಹಾಕಿಸ್ತಾರೆ, ವಿಯೆನ್ನಾ ಹಾರ್ನ್‌ಗಳಲ್ಲಿ ಕಾಣುತ್ತಲ್ಲ ಅದೇ. ಪಾಲಿಶ್ ಆದ ಮೇಲೂ ಬೆಳಕಿಗೆ ಹಿಡಿದ್ರೆ ಹೊಲಿಗೆಯ ಗೆರೆ ಸಣ್ಣಗೆ ಕಾಣುತ್ತೆ. ನಂಗೆ ಪಾಲಿಶ್‌ಗಿಂತ ಆ ಗೆರೆನೇ ಚಂದ ಅನ್ನಿಸ್ತು. ಸೋವಿ ಹಾರ್ನ್‌ಗಳಲ್ಲಿ ಬಾಯಿನ ದುಂಡು ತಗಡಿಂದ ಲೇತ್‌ನಲ್ಲೇ ಮಾಡಿ ಬೆಲ್‌ನ ಸಪೂರ ಬಾಲಕ್ಕೆ ಅಂಟಿಸಿಬಿಡ್ತಾರೆ. ಅದನ್ನ ಹೇಳುವಾಗ ಮುದುಕಪ್ಪನ ಮಗನ ಮುಖ ಹುಳಿ ಹುಳಿ. ಮಗ ಮಾತು ಜಾಸ್ತಿ, ಅಪ್ಪನ ಅರ್ಧ ಕೆಲಸನೂ ಬರಲ್ಲ ಅನ್ಸುತ್ತೆ, ಇರ್ಲಿ.

ಆಮೇಲೆ ಮೂರು ಬೆಲ್ ತಂದಿಟ್ರು, ಮೂರೂ ಒಂದೇ ಅಚ್ಚಿನವು. ಯೆಲ್ಲೋ ಬ್ರಾಸ್ ಅಂದ್ರೆ 70 ಪಾಲು ತಾಮ್ರ 30 ಪಾಲು ಸತು, ಗೋಲ್ಡ್ ಬ್ರಾಸ್ ಅಂದ್ರೆ 85ಕ್ಕೆ 15, ಇನ್ನೊಂದು ನಿಕಲ್ ಸಿಲ್ವರ್, ಅಂದ್ರೆ ತಾಮ್ರ, ಸತು, ನಿಕಲ್ ಬೆರಕೆ, ಹೆಸರಿಗೆ ಮಾತ್ರ ಸಿಲ್ವರ್, ಬೆಳ್ಳಿ ಗ್ರಾಮ್ ಕೂಡ ಇರಲ್ಲ. ಕಲೀಗ್ ಒಂದೊಂದಾಗಿ ಹಾಕಿ ಊದಿದ. ಇದು ಬ್ರೈಟ್, ಇದು ಡಾರ್ಕ್, ಇದು ಜೋರಾಗಿ ಊದಿದ್ರೂ ಸ್ವರ ಒಡೆಯಲ್ಲ ಅಂತ ಕಾಮೆಂಟರಿ ಬೇರೆ. ನಾನು ಗೋಡೆ ಕಡೆ ತಿರುಗಿ ನಿಂತೆ, ಹೇಳದೆ ಊದು ಮಾರಾಯ ಅಂದೆ. ಗೋಡೆ ನೋಡ್ಕೊಂಡು ಕೇಳಿದ್ರೆ ನಂಗೆ ಮೂರೂ ಒಂದೇ. ಆಗ್ಲೇ ಮುದುಕಪ್ಪನ್ನ ಕೇಳಿದ್ದು, ಆಗ್ಲೇ ಆ "ಯಾರಿಗೆ?"

ಸರಿ, ಹಾಗಾದ್ರೆ ಈಗ ನೀನು ಕಣ್ಣು ಮುಚ್ಕೊಂಡು ಊದು ಅಂತ ಕಲೀಗ್‌ಗೆ ಹೇಳಿದೆ. ಅವನು ನಕ್ಕು ಬಲಗೈ ಎತ್ತಿ ತೋರಿಸಿದ. ಹೌದಲ್ಲ, ಹಾರ್ನ್ ಊದೋರ ಬಲಗೈ ಯಾವಾಗ್ಲೂ ಬೆಲ್ ಒಳಗೇ ಇರುತ್ತೆ. ಡ್ರೆಸ್ಡೆನ್‌ನ ಹಾಂಪೆಲ್ ಅನ್ನೋರು 18ನೇ ಶತಮಾನದಲ್ಲಿ ಕೈ ಒಳಗಿಟ್ಟು ಸ್ವರ ಏರಿಸಿ ಇಳಿಸೋದನ್ನ ಒಂದು ವಿದ್ಯೆಯಾಗೇ ಬೆಳೆಸಿದ್ರು, ಬೆರಳಲ್ಲಿ ಒತ್ತಿ ಸ್ವರ ಬದಲಿಸೋ ವಾಲ್ವ್ ಬಂದ ಮೇಲೂ ಕೈ ಹೊರಗೆ ಬರಲಿಲ್ಲ. ಲೋಹ ನಡುಗೋದು ನೇರ ಚರ್ಮಕ್ಕೇ ಗೊತ್ತಾಗುತ್ತೆ. ಕಣ್ಣಿಗೆ ಬಟ್ಟೆ ಕಟ್ಟಿ ಏನು ಪ್ರಯೋಜನ?

ವಾಪಸ್ ಬಂದು ಓದೋಕೆ ಕೂತೆ. ಇಂಗ್ಲೆಂಡಿನ ರಿಚರ್ಡ್ ಸ್ಮಿತ್ 1980ರ ದಶಕದಲ್ಲಿ ಟ್ರೊಂಬೋನ್ ಅನ್ನೋ ಇನ್ನೊಂದು ಹಿತ್ತಾಳೆ ವಾದ್ಯದ ಬೇರೆ ಬೇರೆ ದಪ್ಪದ ಬೆಲ್‌ಗಳನ್ನ ನುರಿತ ವಾದಕರ ಕೈಗೇ ಕೊಟ್ಟು ಟೆಸ್ಟ್ ಮಾಡಿದ್ರು, ಯಾವುದು ಯಾವುದು ಅಂತ ಗೊತ್ತಿಲ್ಲದಿದ್ದಾಗ ಅವರಿಗೇ ಗುರುತು ಸಿಗಲಿಲ್ಲ. ಆ ಕಡೆ ಅಮೆರಿಕದ ರಾಲಿನ್ಸ್ ಕಾಲೇಜಿನ ಥಾಮಸ್ ಮೂರ್ ಟ್ರಂಪೆಟ್ ಬೆಲ್ ಸುತ್ತ ಮರಳು ಚೀಲ ಇಟ್ಟು ಕಂಪನ ಅದುಮಿದ್ರೆ ಸೌಂಡ್ ಅಳತೆಗೆ ಸಿಗೋಷ್ಟು ಬದಲಾಗುತ್ತೆ ಅಂತ ತೋರಿಸಿದ್ರು. ನಂಗನ್ಸೋದು, ದೊಡ್ಡ ಪಾಲು ಆಕಾರದ್ದೇ. ಕೆಳಗಿನ ಫ್ರೀಕ್ವೆನ್ಸಿಗಳು ಬಾಯಿ ಅಗಲ ಆಗೋ ಜಾಗದಿಂದ ತಿರುಗಿ ತುಟಿ ಕಡೆ ಬರ್ತವೆ, ಸ್ವರ ನಿಲ್ಲೋದೇ ಅದರಿಂದ, ಮೇಲಿನವು ಹೊರಗೆ ಜಾರಿಹೋಗ್ತವೆ. ಬೆಲ್‌ನ ಕತ್ತು, ಅಂದ್ರೆ ಬಾಯಿಗಿಂತ ಒಳಗಿನ ಕಿರಿದಾದ ಜಾಗ, ಅದರ ಅಗಲ ಸ್ವಲ್ಪ ಆಚೀಚೆ ಆದ್ರೆ ಶ್ರುತಿ, ನಾದ ಎರಡೂ ಅಲ್ಲಾಡ್ತವೆ. 1937ರಿಂದ ಬಂದ, ಅಮೆರಿಕದ ಕಾನ್ ಕಂಪನಿಯ 8ಡಿ ಹಾರ್ನ್‌ನ ಆ ದಪ್ಪ ಹಾಲಿವುಡ್ ನಾದಕ್ಕೆ ಎಲ್ಲರೂ ನಿಕಲ್ ಸಿಲ್ವರ್‌ನ ಹೊಗಳ್ತಾರೆ, ಅದರ ಕತ್ತು ಎಷ್ಟು ದೊಡ್ಡದು ಅಂತ ಯಾರೂ ಹೇಳಲ್ಲ.

ಆದ್ರೂ ಮುದುಕಪ್ಪ ಬಿಡ್ತಿಲ್ಲ. ಯಾರಿಗೆ? ನಮ್ಮ ಲ್ಯಾಬಲ್ಲೇ ಡ್ರೈವರ್ ಕಿವಿ ಹತ್ರ ಮೈಕ್ ಇಡೋದಲ್ದೆ ಸ್ಟೀರಿಂಗ್‌ಗೂ ಸೀಟಿಗೂ ಸೆನ್ಸಾರ್ ಅಂಟಿಸ್ತೀವಿ, ಯಾಕಂದ್ರೆ "ಎಂಜಿನ್ ಸ್ಮೂತ್ ಇದೆ" ಅನ್ನೋ ಜನ ಅರ್ಧ ಕೈಯಲ್ಲಿ, ಇನ್ನರ್ಧ ಕುಂಡೆಯಲ್ಲಿ ಕೇಳಿರ್ತಾರೆ. ಅವರು ಸುಳ್ಳು ಹೇಳ್ತಿದಾರೆ ಅಂತ ನಾವ್ಯಾರೂ ಅನ್ನಲ್ಲ. ಹಾರ್ನ್ ಊದೋನು ಅಂದ್ರೆ ಮಾತ್ರ ಭ್ರಮೆ ಅಂತೀವಿ. ಅಂಗೈಗೆ ಭರವಸೆ ಸಿಕ್ಕಿದ್ರೆ ಅವನು ಉಸಿರು ಬಿಡೋದೇ ಬೇರೆ ಥರ ಆಗುತ್ತೆ, ಆಗ ಹಾಲ್‌ನಲ್ಲಿ ಕೂತೋರಿಗೆ ಕೇಳಿಸೋದು ಹಿತ್ತಾಳೆಯ ವ್ಯತ್ಯಾಸನಾ ಉಸಿರಿನದ್ದಾ, ಯಾವ ಮೈಕ್ ಬಿಡಿಸಿ ಹೇಳುತ್ತೆ? ಮರಳು ಚೀಲಕ್ಕಂತೂ ಭರವಸೆ ಇರಲ್ಲ.

ಕಲೀಗ್ ಗೋಲ್ಡ್ ಬ್ರಾಸ್‌ನೇ ತಗೊಂಡ. ಅವನ ಕಂಡಕ್ಟರ್‌ಗೆ ಗೊತ್ತೂ ಆಗಲ್ಲ ಅಂತ ಬರುವಾಗ ರೇಗಿಸಿದೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ಹೈವೇಗೆ ಬರ್ತಿದ್ದಂಗೆ, ಆ ಸ್ಕ್ರೂ ರಿಂಗ್ ತೂಕ ನಾದಾನ ಕೆಡಿಸುತ್ತೇನೋ ಅಂತ ಹೊಸದಾಗಿ ಶುರು ಮಾಡಿದ, ನಾನು ರೇಡಿಯೋ ಹಾಕ್ದೆ.